ಹಿಮ ನಿಲ್ಲದ ಸೂರು

"ಹಿಮ ಎಲ್ಲರ ಮನೆ ಮೇಲೂ ಬಿದ್ದಿದೆ ಕಣೋ ಬೌಕೆ. ಅವನೊಬ್ಬನ ಸೂರಿನ ಮೇಲೆ ಮಾತ್ರ ಯಾಕೆ ನಿಂತಿಲ್ಲ? ಮೊದ್ಲು ಅದನ್ನ ಹೇಳು," ಎಂದರು ಆಲಿದಾ.

ಎದುರುಮನೆಯ ಆಲಿದಾ ಅವರಿಗೆ ಎಂಬತ್ತಮೂರು ವರ್ಷ. ಮಂಡಿ ಎರಡೂ ಹೋಗಿವೆ, ಕಣ್ಣು ಮಾತ್ರ ಹದ್ದಿನದು. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ನನ್ನನ್ನು ಕೈಸನ್ನೆ ಮಾಡಿ ಕರೆದು, ತಮ್ಮ ಕಿಟಕಿಯ ಪಕ್ಕ ನಿಲ್ಲಿಸಿಕೊಂಡು, ಊರುಗೋಲಿನಿಂದ ನಮ್ಮ ಸಾಲನ್ನು ತೋರಿಸಿದರು. ಬಾತುಕೋಳಿ ಬೀದಿಯ ನಮ್ಮ ಸಾಲಿನಲ್ಲಿ ಹನ್ನೆರಡು ಮನೆ, ಒಂದಕ್ಕೊಂದು ಹೆಗಲು ಕೊಟ್ಟು ನಿಂತಂಥವು. ಹನ್ನೊಂದು ಸೂರುಗಳು ಸಕ್ಕರೆಪುಡಿ ಉದುರಿಸಿದ ಕೇಕಿನ ಹಾಗೆ ಬೆಳ್ಳಗಿದ್ದವು. ಏಳನೆಯದು, ನನ್ನ ಪಕ್ಕದ ಮನೆಯ ಸೀಬ್ರನ್‌ನದು, ಕಪ್ಪಗೆ ಹೊಳೆಯುತ್ತಿತ್ತು. ಹೆಂಚಿನಿಂದ ಸಣ್ಣಗೆ ಹಬೆ ಬೇರೆ.

"ಬೀದಿ ಬೆಕ್ಕುಗಳೆಲ್ಲ ಅಲ್ಲಿಗೇ ಹೋಗಿ ಮಲಗಿವೆ," ಎಂದರು ಆಲಿದಾ. "ಜನವರೀಲಿ. ಹೊಟ್ಟೆ ಮೇಲೆ ಮಾಡ್ಕೊಂಡು."

ಇದರ ಅರ್ಥ ನಮ್ಮ ಊರಲ್ಲಿ ಎಲ್ಲರಿಗೂ ಗೊತ್ತು. ಗಾಂಜಾ. ಅದನ್ನು ಮಾರುವ ಅಂಗಡಿಯಲ್ಲೇ ಕೂತು ಸೇದಿದರೆ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಅಟ್ಟದಲ್ಲಿ ದೀಪ ಹಾಕಿ ಬೆಳೆದರೆ ಮಾತ್ರ ಬಾಗಿಲಿಗೆ ಬೀಗ ಬೀಳುತ್ತದೆ, ಬಾಡಿಗೆ ಮನೆಗಳ ಸಂಘದವರು ಕರಾರು ಹರಿದು ಕೈಗೆ ಕೊಡುತ್ತಾರೆ. ಬೆಳೆಯುವವನು ಹೆಂಡತಿಗೂ ಹೇಳದೆ ಮುಚ್ಚಿಟ್ಟ ಗುಟ್ಟನ್ನು, ದೀಪದ ಕಾವಿಗೆ ಸೂರಿನ ಮೇಲೆ ಕರಗುವ ಹಿಮ ಒಂದು ಬೆಳಗಿನಲ್ಲಿ ಇಡೀ ಊರಿಗೆ ಹೇಳಿಬಿಡುತ್ತದೆ. ಅದಕ್ಕೇ ಹಿಮ ಬಿದ್ದ ಮರುದಿನ ನಮ್ಮ ಪೊಲೀಸರು ತಲೆಯೆತ್ತಿಕೊಂಡೇ ನಡೆಯುವುದು, ಆಮೇಲೆ ಜಾರಿ ಬೀಳುವುದು.

"ಸೀಬ್ರನ್ನಾ?" ಎಂದೆ ನಾನು. "ಅವನು ಕಿಟಕಿ ಹತ್ರದ ಕುಂಡಕ್ಕೇ ನೀರು ಹಾಕೋದು ಮರೀತಾನೆ."

"ಹಾಕೋಕೆ ಹೆಂಡ್ತಿ ಇದಾಳಲ್ಲ. ನೀನು ಕಾವಲಿನವನು. ಕಾಯಿ."

ಹೌದು, ನಾನು ಕಾವಲಿನವನು. ಮೂವತ್ತೈದು ವರ್ಷ ಈ ಊರಿನಲ್ಲಿ ಅಂಚೆ ಹಂಚಿದ್ದೇನೆ. ಬಾಗಿಲ ಸಂದಿಯಿಂದ ಕಾಗದ ತೂರಿಸುವಾಗಲೇ ಆ ಮನೆಯ ಹಣೆಬರಹ ಓದಬಲ್ಲೆ. ನಿವೃತ್ತನಾದಾಗಿನಿಂದ ‘ಬಾತುಕೋಳಿ ಬೀದಿ ಕಾವಲು’ ಎಂಬ ಮೊಬೈಲ್ ಗುಂಪಿಗೆ ಮುಖ್ಯಸ್ಥ. ಮೂವತ್ತನಾಲ್ಕು ಜನ ಸದಸ್ಯರು. ಅಪರಿಚಿತ ಸೈಕಲ್ಲು, ಕಾಣೆಯಾದ ಬೆಕ್ಕು, ತಪ್ಪಾದ ದಿನ ಹೊರಗಿಟ್ಟ ಕಸದ ಡಬ್ಬಿ, ಯಾವುದೂ ನನ್ನ ಕಣ್ಣು ತಪ್ಪಿಸಿ ಹೋದದ್ದಿಲ್ಲ.

ಇಲ್ಲಿ ನಿಮಗೊಂದು ಮಾತು. ಶನಿವಾರ ನಮಗೆ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ನಮ್ಮ ಇಡೀ ಬೀದಿ ದಡ್ಡರಾದದ್ದು ಸಾಕು, ನೀವೂ ಆಗುವುದು ಬೇಡ.

ಸೀಬ್ರನ್ ಮೂವತ್ತೆಂಟು ವರ್ಷದಿಂದ ಚೀಸಿನ ಶೀತಲ ಗೋದಾಮಿನಲ್ಲಿ ಕೆಲಸಕ್ಕಿರುವವನು. ಅಲ್ಲಿನ ಹವೆ ಅವನ ಮೈಗೆ ಎಷ್ಟು ಒಗ್ಗಿದೆಯೆಂದರೆ ಜೂನ್ ತಿಂಗಳ ಬಿಸಿಲು ಕಂಡರೆ ಬೀದಿಯ ನೆರಳಿರುವ ಬದಿಗೆ ಓಡುತ್ತಾನೆ. ಅವನ ಹೆಂಡತಿ ಹಿಂಕೆ ಗ್ರಂಥಾಲಯದಲ್ಲಿದ್ದಾಳೆ. ಹನ್ನೊಂದನೆಯ ವಯಸ್ಸಿನಲ್ಲಿ ಆಕೆ ಪತ್ರಿಕೆಯಿಂದ ಒಂದು ಪ್ರಾಣಿಯ ಚಿತ್ರ ಕತ್ತರಿಸಿಕೊಂಡಿದ್ದಳಂತೆ. ಮಡಗಾಸ್ಕರ್ ದ್ವೀಪದ ಕಾಡಿನಲ್ಲಿರುವ, ಕೋತಿಯ ದೂರದ ನೆಂಟನಂಥ, ಬೆಳಗಾದರೆ ಮರದ ತುದಿಯಲ್ಲಿ ಕೂತು ಹಾಡುವ ಇಂದ್ರಿ ಎಂಬ ಪ್ರಾಣಿ. ನಲವತ್ತೊಂಬತ್ತು ವರ್ಷದಿಂದ ಆ ಚಿತ್ರ ಅವಳ ಬಟ್ಟೆಯ ಬೀರುವಿನ ಒಳಬಾಗಿಲಿಗೆ ಅಂಟಿಕೊಂಡಿದೆ. ಈ ವಸಂತಕ್ಕೆ ಅರವತ್ತು ತುಂಬುತ್ತದೆ. ಹೋಗಿ ನೋಡಿಯೇ ಸಿದ್ಧ ಎಂದು ಎರಡು ಸೀಟು ಹಿಡಿದಿದ್ದಳು. ಹೆಸರು ಕೊಡಲು ಶನಿವಾರ ಮಧ್ಯಾಹ್ನ ಒಂದು ಗಂಟೆಯವರೆಗೆ ಗಡುವು. ಒಂದು ಹೆಸರು ಹಿಂಕೆ. ಇನ್ನೊಂದು?

ಮೂರು ವರ್ಷದ ಹಿಂದೆ ಇಬ್ಬರೂ ಸ್ಪೇನಿಗೆ ಹೋಗಿದ್ದರು. ಅಲ್ಲಿ ಸೀಬ್ರನ್ ಎಂಟು ದಿನ ಹೋಟೆಲಿನ ಸ್ನಾನದ ತೊಟ್ಟಿ ಬಿಟ್ಟು ಏಳಲಿಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಂಡ. ಈ ಸುದ್ದಿಯನ್ನು ಗುಂಪಿನಲ್ಲಿ ಹಾಕಿದವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಒಟ್ಟಿನಲ್ಲಿ ಬೀದಿ ಒಂದು ಚಳಿಗಾಲ ಪೂರ್ತಿ ಅವನನ್ನು ‘ತೊಟ್ಟಿ ಸೀಬ್ರನ್’ ಎಂದು ಕರೆಯಿತು.

ಅದಕ್ಕೇ ಹಿಂಕೆ ಷರತ್ತು ಹಾಕಿದಳು: "ಇಬ್ಬರೂ ಹತ್ತು ದಿನ ರಜೆ ಹಾಕೋಣ. ದಿನಕ್ಕೆ ನಾಲ್ಕು ಗಂಟೆ. ಅಟ್ಟದಲ್ಲಿ ನಾನು ಮಡಗಾಸ್ಕರ್ ಮಾಡಿಕೊಡ್ತೀನಿ, ನೀನು ಕೂತಿರ್ಬೇಕು. ಒಂದೇ ಒಂದ್ಸಲ ‘ಉಫ್, ಸೆಕೆ’ ಅಂತ ಬಾಯಿಂದ ಬಂತೋ, ನಾನು ಔಕ್ಯ ಅಕ್ಕನ ಜೊತೆ ಹೋಗ್ತೀನಿ. ನೀನು ಚೀಸಿನ ಜೊತೆ ಇರು."

ಹಿಂಕೆಯ ಅಕ್ಕ ಔಕ್ಯ ಆಗಲೇ ಪ್ರಯಾಣಕ್ಕೆಂದು ಟೋಪಿ ಕೊಂಡಿದ್ದಳು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಫೋನು ಮಾಡಿ ಒಂದೇ ಮಾತು ಕೇಳುತ್ತಿದ್ದಳು: "ಬಿದ್ದನಾ?"

ಸೀಬ್ರನ್‌ನದೂ ಒಂದು ಷರತ್ತಿತ್ತು. ಬೀದಿಗೆ ಗೊತ್ತಾಗಬಾರದು. ಇಷ್ಟೇ ವಿಷಯ. ಹಿಮ ಬಿದ್ದ ಆ ಸೋಮವಾರ ಅವನ ಅಭ್ಯಾಸದ ಐದನೆಯ ದಿನ.

ನಮಗೆ ಇದಾವುದೂ ಗೊತ್ತಿಲ್ಲದ ಕಾರಣ ಹತ್ತು ಗಂಟೆಗೆ ನಮ್ಮ ಮನೆಯಲ್ಲಿ ಸಭೆ ಸೇರಿತು. ಆಲಿದಾ, ನಾನು, ನನ್ನ ಹೆಂಡತಿ ಟ್ರೀನ್. ಟ್ರೀನ್ ಕಾಫಿ ಕೊಟ್ಟು, ತಲೆಗೊಂದು ಬಿಸ್ಕತ್ತು ಕೊಟ್ಟು, ಡಬ್ಬಿಯ ಮುಚ್ಚಳ ಹಾಕಿದಳು.

"ಒಂದನೇದು, ಪರದೆ," ಎಂದೆ.

ಅದು ಸಣ್ಣ ಮಾತಲ್ಲ. ನಮ್ಮ ಬೀದಿಯಲ್ಲಿ ಮುಂಬಾಗಿಲ ಕಿಟಕಿಗೆ ಪರದೆ ಎಳೆಯುವ ರೂಢಿಯಿಲ್ಲ. ಯಾರ ಮನೆಯಲ್ಲಿ ಏನು ಸಾರು, ಯಾರ ಸೋಫಾ ಯಾವ ಬಣ್ಣ, ಎಲ್ಲ ಬೀದಿಗೆ ಕಾಣಬೇಕು. ನಮ್ಮಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ ಎಂದು ಹೇಳುವ ಬಗೆ ಅದು. ಸೀಬ್ರನ್ ಗುರುವಾರದಿಂದ ಹಗಲಲ್ಲೂ ಪರದೆ ಎಳೆದಿದ್ದ.

"ಸಾವಾಗಿದ್ರೆ ಪರದೆ ಎಳೀತಾರೆ," ಎಂದಳು ಟ್ರೀನ್.

"ಸತ್ತೋರು ಅಟ್ಟದ ಬೆಳಕಿಂಡಿಗೆ ಬೆಳ್ಳಿ ಹಾಳೆ ಅಂಟಿಸ್ತಾರಾ?" ಎಂದರು ಆಲಿದಾ. "ಎರಡನೇದು ಅದು. ಮೂರನೇದು, ಮಣ್ಣು. ಶುಕ್ರವಾರ ಕುಂಡಕ್ಕೆ ಹಾಕೋ ಮಣ್ಣಿನ ಎರಡು ಮೂಟೆ ಬೆನ್ನ ಮೇಲೆ ಹೊತ್ಕೊಂಡು ಒಳಗೆ ಹೋದ. ತಳ್ಳುಗಾಡಿ ಪಕ್ಕದಲ್ಲೇ ಇತ್ತು. ಆದ್ರೂ ಬೆನ್ನ ಮೇಲೆ!"

(ಕಾಡಿನಲ್ಲಿ ಚೀಲ ಹೊರುವ ಅಭ್ಯಾಸವಂತೆ. ನೀವು ನಗಬಹುದು, ನಮಗೆ ಆಗ ನಗು ಬರಲಿಲ್ಲ.)

"ಹೋಗಿ ಕೇಳಿದ್ರೆ ಆಯ್ತಪ್ಪ," ಎಂದಳು ಟ್ರೀನ್. "ಗೋಡೆ ಆಚೆ ಮನೆ. ಬಾಗಿಲು ತಟ್ಟಿ, ‘ಸೀಬ್ರನ್, ಏನಯ್ಯಾ ಮಾಡ್ತಿದೀಯ’ ಅನ್ನು."

"ಕೇಳಿಬಿಟ್ರೆ ತನಿಖೆ ಹೆಂಗಾಗುತ್ತೆ?" ಎಂದೆ.

ಅಷ್ಟರಲ್ಲಿ ಗೋಡೆಯ ಆಚೆಯಿಂದ, ಮೇಲಿನಿಂದ, ಒಂದು ಕೂಗು ಬಂತು. ಉದ್ದನೆಯ, ಎಳೆದೆಳೆದು ಏರುವ, ಮನುಷ್ಯರದೂ ಅಲ್ಲದ ಯಂತ್ರದ್ದೂ ಅಲ್ಲದ ಕೂಗು. ಒಂದು ನಿಂತರೆ ಇನ್ನೊಂದು ಶುರು. ಟ್ರೀನ್ ಕೈಯ ಕಾಫಿ ತಟ್ಟೆಗೆ ಚೆಲ್ಲಿತು. ಗಾಬರಿಯಲ್ಲಿ ಅವಳು ಡಬ್ಬಿ ತೆರೆದು ಎಲ್ಲರಿಗೂ ಎರಡನೆಯ ಬಿಸ್ಕತ್ತು ಕೊಟ್ಟಳು. ನಮ್ಮ ಮದುವೆಯಾದ ಮೇಲೆ ಹೀಗೆ ಆದದ್ದು ಅದೇ ಮೊದಲು.

"ಯಾರನ್ನೋ ಕೂಡಿಹಾಕಿದಾನೆ," ಎಂದು ಪಿಸುಗುಟ್ಟಿದರು ಆಲಿದಾ, ಬಿಸ್ಕತ್ತು ಚೀಲಕ್ಕೆ ಹಾಕಿಕೊಳ್ಳುತ್ತ.

ಮಧ್ಯಾಹ್ನಕ್ಕೆ ಮುಂಚೆ ನಾನು ಹೋದೆ. ಕೇಳುವುದಕ್ಕಲ್ಲ, ಅಳತೆ ಟೇಪು ಸಾಲ ತರುವ ನೆಪದಲ್ಲಿ. ಬಾಗಿಲು ಒಂದು ಗೇಣು ತೆರೆಯಿತು. ಸಂದಿಯಲ್ಲಿ ಸೀಬ್ರನ್. ಹೊರಗೆ ಸೊನ್ನೆಗಿಂತ ಕೆಳಗೆ ಐದು. ಅವನು ಈಜುಚಡ್ಡಿಯಲ್ಲಿ, ಬೇಯಿಸಿದ ಬೀಟ್‌ರೂಟಿನ ಹಾಗೆ. ಗಲ್ಲದ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಬೆವರ್ತಾ ಇದೀಯಲ್ಲ ಸೀಬ್ರನ್."

"ಇಲ್ಲ."

"ಸೆಕೆನಾ ಒಳಗೆ?"

ಅವನ ಮುಖದಲ್ಲಿ ಅಂಥ ಭಯ ನಾನು ಕಂಡಿರಲಿಲ್ಲ. ಹಿಂದೆ ಮೆಟ್ಟಿಲ ಕಡೆ ತಿರುಗಿ ನೋಡಿ, ಮೇಲೆ ಯಾರಿಗೋ ಕೇಳಲಿ ಎಂಬಂತೆ ಗಟ್ಟಿಯಾಗಿ, "ಇಲ್ಲ! ಹಿತವಾಗಿದೆ! ಬಹಳ ಹಿತವಾಗಿದೆ!" ಎಂದ.

"ಅಟ್ಟದಲ್ಲಿ ಏನು ನಡೀತಿದೆ?"

"ಅಭ್ಯಾಸ."

"ಯಾವುದರದ್ದು?"

ಸೀಬ್ರನ್ ಯೋಚಿಸಿದ. ಅವನಿಗೆ ಸುಳ್ಳು ಬಾರದು. ಬಂದರೂ ತಡವಾಗಿ ಬರುತ್ತದೆ. "ಸುಮ್ನಿರೋದರದ್ದು," ಎಂದ. ಬಾಗಿಲು ಹಾಕುತ್ತ, ಏನೋ ನೆನಪಾಗಿ ಮತ್ತೆ ತೆರೆದ. "ಟೇಪು ಆಮೇಲೆ. ಮೊದ್ಲು ನನ್ನ ಏಣಿ ಹುಡುಕಿಕೊಡು. ಕಳ್ಳತನ ಆಗಿ ಎರಡು ವರ್ಷ ಆಯ್ತು. ಕಾವಲಂತೆ!"

"ತನಿಖೆ ನಡೀತಿದೆ," ಎಂದೆ ಗಂಭೀರವಾಗಿ. ಅವನ ಅಲ್ಯೂಮಿನಿಯಂ ಏಣಿ ಕಾಣೆಯಾದಾಗ ಗುಂಪಿನಲ್ಲಿ ಎಚ್ಚರಿಕೆ ಬರೆದವನು ನಾನೇ. ಬೀದಿಯಲ್ಲಿ ಬೇರೆ ಊರಿನ ಬಿಳಿ ವ್ಯಾನೊಂದು ಸುತ್ತಾಡಿದ್ದನ್ನೂ ನಾನೇ ನೆನಪು ಮಾಡಿಕೊಂಡಿದ್ದೆ.

ಆವತ್ತಿನ ಮಟ್ಟಿಗೆ ನಾನು ಸುಮ್ಮನಿದ್ದೆ. ಪಕ್ಕದ ಮನೆಯವನು, ಮೂವತ್ತೊಂದು ವರ್ಷದಿಂದ ಅದೇ ಮನೆಯಲ್ಲಿರುವವನು, ಹಿಡಿಸಿಕೊಟ್ಟರೆ ಗಂಡ ಹೆಂಡತಿ ಇಬ್ಬರೂ ಬೀದಿಗೆ ಬೀಳುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಗುಂಪಿನಲ್ಲಿ "ಎಲ್ಲರೂ ಎಚ್ಚರದಿಂದಿರಿ, ಕಾರಣ ಕೇಳಬೇಡಿ" ಎಂದಷ್ಟೇ ಬರೆದೆ. ಅರ್ಧ ಗಂಟೆಯಲ್ಲಿ ಮೂವತ್ತಮೂರು ಜನ ಕಾರಣ ಕೇಳಿದರು.

ಗುರುವಾರ ಮತ್ತೆ ಹಿಮ ಬಿತ್ತು. ಚೆನ್ನಾಗಿ ಬಿತ್ತು. ಬೆಳಗ್ಗೆ ಹಲ್ಲುಜ್ಜುತ್ತ ಮೊಬೈಲು ನೋಡಿದರೆ ಗುಂಪಿನಲ್ಲಿ ಆಲಿದಾ ಹಾಕಿದ ಒಂದು ಚಿತ್ರ. ಕೆಳಗೆ ಬರಹ: "ಈಗ ಒಂದೂವರೆ ಮನೆ."

ಚಪ್ಪಲಿ ಮೆಟ್ಟಿ ಓಡಿ ಬೀದಿಗಿಳಿದು ತಲೆಯೆತ್ತಿದೆ. ಸೀಬ್ರನ್‌ನ ಸೂರು ಎಂದಿನಂತೆ ಬೋಳು. ಅದಕ್ಕೆ ಅಂಟಿಕೊಂಡ ನನ್ನ ಸೂರು ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ. ಎರಡು ಅಟ್ಟಕ್ಕೂ ಒಂದೇ ಗೋಡೆ. ಅವನ ಶಾಖ ಗೋಡೆ ದಾಟಿ ಬಂದು ನನ್ನ ಮರ್ಯಾದೆ ಕರಗಿಸಿತ್ತು.

"ಶಾಖ ಅವನದು!" ಎಂದು ಕೂಗಿದೆ, ಬೀದಿಯಲ್ಲಿ ನಿಂತು.

"ನಾನೇನೂ ಕೇಳಿಲ್ಲವಲ್ಲ," ಎಂದರು ಆಲಿದಾ ಕಿಟಕಿಯಿಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಾನು ಮುಟ್ಟಿ ನೋಡಿಕೊಳ್ಳುವುದಲ್ಲ, ಹೆಗಲು ತೊಳೆದುಕೊಳ್ಳಲು ಹೊರಟೆ. ಅಂಚೆಯಲ್ಲಿ ನನ್ನ ಜೊತೆಗಿದ್ದವನೊಬ್ಬ ಫೋನು ಮಾಡಿ, "ಪಾಲುದಾರಿಕೆಯಾ, ಬೌಕೆ?" ಎಂದು ಕೇಳಿದಾಗ ತಾಳ್ಮೆ ತಪ್ಪಿತು. ನೇರವಾಗಿ ಬಡಾವಣೆಯ ಪೊಲೀಸಿನವಳು ಫೆಮ್ಕೆಗೆ ಫೋನು ಮಾಡಿ ಎಲ್ಲ ಹೇಳಿದೆ. ಪರದೆ, ಹಾಳೆ, ಮಣ್ಣು, ಕೂಗು.

"ಒಳ್ಳೇದಾಯ್ತು ಹೇಳಿದ್ದು," ಎಂದಳು ಫೆಮ್ಕೆ. "ಶನಿವಾರ ಬರ್ತೀವಿ. ಎರಡೂ ಅಟ್ಟ ನೋಡ್ತೀವಿ."

"ಎರಡು ಯಾಕೆ?"

"ಚಿತ್ರ ನಮಗೂ ಬಂದಿದೆ."

ಶನಿವಾರ ಹನ್ನೊಂದಕ್ಕೆ ಫೆಮ್ಕೆ ಬಂದಳು. ಜೊತೆಗೆ ಮನೆಗಳ ಸಂಘದ ತಾಲ್ಸ್ಮಾ ಎಂಬ ಅಧಿಕಾರಿ. ದಪ್ಪ ಕನ್ನಡಕ, ಕಂಕುಳಲ್ಲಿ ಕಡತ, ಶನಿವಾರ ಕೆಲಸ ಮಾಡಬೇಕಾಗಿ ಬಂದ ಸಿಟ್ಟು ಮೂಗಿನ ತುದಿಯಲ್ಲಿ. ಆಲಿದಾ ಕೂಡ ಬಂದರು. ಎರಡು ವರ್ಷದಿಂದ ಮೆಟ್ಟಿಲು ಹತ್ತಲಾರೆ ಎನ್ನುತ್ತಿದ್ದವರು ಎಲ್ಲರಿಗಿಂತ ಮುಂದೆ ಹತ್ತಿದರು.

ಮೊದಲು ನನ್ನ ಅಟ್ಟ. ನಾನು ಎದೆ ಸೆಟೆಸಿ ನಿಂತೆ. ಹಳೆಯ ಅಂಚೆ ಚೀಲ, ಮುರಿದ ತೊಟ್ಟಿಲು, ಸ್ಕೇಟಿನ ಬೂಟು. ಫೆಮ್ಕೆ ಮೂಲೆಯ ಜಮಖಾನೆ ಎತ್ತಿದಳು. ಕೆಳಗೆ ಉದ್ದಕ್ಕೆ ಮಲಗಿತ್ತು ಒಂದು ಅಲ್ಯೂಮಿನಿಯಂ ಏಣಿ. ಮೇಲಿನ ಮೆಟ್ಟಿಲಿಗೆ ನೀಲಿ ಬಣ್ಣದಲ್ಲಿ ‘ಸೀಬ್ರನ್’ ಎಂದು ಬರೆದಿತ್ತು.

ಆಲಿದಾ ಊರುಗೋಲಿನ ತುದಿಯಿಂದ ಆ ಹೆಸರನ್ನು ತಟ್ಟಿದರು.

"ಇದು ಆ ಬಿಳಿ ವ್ಯಾನಿನವರು ಇಟ್ಟು ಹೋಗಿದ್ದಾ?" ಎಂದರು ಆಲಿದಾ.

"ಅಯ್ಯೋ, ನೀನೇ ಅಲ್ವಾ ತಂದಿದ್ದು?" ಎಂದಳು ಟ್ರೀನ್. "ಸೂರಿನ ದೋಣಿಯಿಂದ ಎಲೆ ತೆಗೀತೀನಿ ಅಂತ ಈಸ್ಟರ್ ಹೊತ್ತಿಗೆ. ಆಮೇಲೆ ಮರೆತೇಬಿಟ್ಟೆ."

ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ನೂರು ಸಲ ಕೇಳಿದ್ದೆ. ಬೇಲಿಗೆ ಆಗ ಹೇಗನ್ನಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ.

"ಎತ್ಕೊಳ್ಳಿ," ಎಂದಳು ಫೆಮ್ಕೆ. "ಪಕ್ಕದ ಮನೆಗೆ ಹೇಗೂ ಹೋಗ್ತಿದೀವಿ."

ಹೀಗಾಗಿ ನಾನು ದಪ್ಪ ಉಣ್ಣೆಯ ಕೋಟಿನಲ್ಲಿ, ಕೊರಳಿಗೆ ಶಾಲು ಸುತ್ತಿಕೊಂಡು, ಹೆಗಲ ಮೇಲೆ ಏಣಿ ಹೊತ್ತು ಸೀಬ್ರನ್‌ನ ಮನೆಗೆ ನಡೆದೆ. ಹಿಂಕೆ ಬಾಗಿಲು ತೆರೆದಳು. ಪೊಲೀಸು ಕಂಡರೂ ಅವಳು ಬೆಚ್ಚಲಿಲ್ಲ. "ಬೇಗ ಒಳಗೆ ಬನ್ನಿ, ಶಾಖ ಹೋಗುತ್ತೆ," ಎಂದಳು.

ಅಟ್ಟದ ಬಾಗಿಲು ದಾಟಿದೊಡನೆ ಒದ್ದೆ ಕಂಬಳಿಯನ್ನು ಮುಖಕ್ಕೆ ಹೊಡೆದಂತಾಯಿತು. ಕೋಳಿಮರಿಗಳಿಗೆ ಹಾಕುವ ಕೆಂಪು ದೀಪಗಳು ಆರು. ಗೋಡೆಕಾಗದ ಕೀಳುವ ಹಬೆ ಯಂತ್ರ ಮೂಲೆಯಲ್ಲಿ ಬುಸುಗುಡುತ್ತಿತ್ತು. ನಡುವೆ ಸೊಳ್ಳೆಪರದೆ, ಅದರೊಳಗೆ ಸ್ಟೂಲಿನ ಮೇಲೆ, ಈಜುಚಡ್ಡಿ, ಮಂಡಿವರೆಗೆ ಕಾಲುಚೀಲ, ದೊಡ್ಡ ಟೋಪಿ, ಬೆನ್ನಿಗೆ ಎರಡು ಮೂಟೆ ಮಣ್ಣು, ಕೆಂಪಗೆ, ಕೂತಿದ್ದ ಸೀಬ್ರನ್. ಪಕ್ಕದ ಕುರ್ಚಿಯಲ್ಲಿ ಒಂದು ಗಡಿಯಾರ, ಹಿಂಕೆ ಲೆಕ್ಕ ಬರೆಯುವ ಒಂದು ಪುಸ್ತಕ, ಒಂದು ಪೆನ್ಸಿಲು. ಗಂಟೆ ಹನ್ನೊಂದೂ ಮೂವತ್ತೈದು.

"ಗಿಡ ಎಲ್ಲಿ?" ಎಂದಳು ಫೆಮ್ಕೆ.

ಇದ್ದದ್ದು ಒಂದು ಟ್ಯೂಲಿಪ್ ಕುಂಡ. ಅದೂ ಬೆಂದು ಹೋಗಿತ್ತು.

ಹಿಂಕೆ ಎಲ್ಲವನ್ನೂ ಹೇಳಿದಳು. ಇಂದ್ರಿಯ ಚಿತ್ರ ತೋರಿಸಿದಳು, ಅದರ ಹಾಡು ಹಾಕಿದಳು. ನಾವು ಸೋಮವಾರ ಕೇಳಿದ ಅದೇ ಕೂಗು. "ಇನ್ನು ಇಪ್ಪತ್ತೈದು ನಿಮಿಷ ಕೂತ್ರೆ ಇವನು ಪಾಸು," ಎಂದಳು. ಫೆಮ್ಕೆ ನಕ್ಕು ನಕ್ಕು ಗೋಡೆಗೆ ಒರಗಿದಳು.

ತಾಲ್ಸ್ಮಾ ನಗಲಿಲ್ಲ. ಅವರ ಕನ್ನಡಕಕ್ಕೆ ಹಬೆ ಕೂತು ಎರಡು ಬಿಳಿ ಬಿಲ್ಲೆಯಾಗಿತ್ತು. "ಗಾಂಜಾ ಇಲ್ಲ ಅಂದ್ರೆ ಪೊಲೀಸಿನ ಕೆಲಸ ಮುಗೀತು. ನನ್ನದು ಈಗ ಶುರು," ಎಂದು ಕಡತದಿಂದ ಒಂದು ಹಾಳೆ ಎಳೆದರು. "ನಮೂನೆ ಹದಿನಾಲ್ಕು. ‘ಅಟ್ಟದಲ್ಲಿ ಸಹಿಸಲಾಗದ ಶಾಖ ಇದೆಯೆಂದು ಬಾಡಿಗೆದಾರರು ಒಪ್ಪುತ್ತಾರೆಯೇ?’ ಹೌದು ಅಂದ್ರೆ ಒಂದು ಎಚ್ಚರಿಕೆ ಪತ್ರ, ಅಷ್ಟೆ. ದೀಪ ಆರಿಸಿ, ಎಲ್ಲರೂ ಮನೆಗೆ ಹೋಗೋಣ. ಹೌದು ತಾನೆ?"

ಹಿಂಕೆಯ ಕೈಯ ಪೆನ್ಸಿಲು ಪುಸ್ತಕದ ಮೇಲೆ ಎದ್ದು ನಿಂತಿತು. ಅವಳು ಗಂಡನನ್ನೇ ನೋಡುತ್ತಿದ್ದಳು, ಹನ್ನೊಂದು ವರ್ಷದ ಹುಡುಗಿ ಅಂಗಡಿಯ ಗಾಜಿನಾಚೆ ನೋಡಿದ ಹಾಗೆ.

"ಇಲ್ಲ," ಎಂದ ಸೀಬ್ರನ್.

"ಯೋಚಿಸಿ. ಇಲ್ಲ ಅಂತ ಬರೆದು, ಆಮೇಲೆ ಅದು ಸುಳ್ಳು ಅಂತಾದ್ರೆ ಕರಾರು ರದ್ದು. ಎಷ್ಟು ವರ್ಷದಿಂದ ಇದೀರಿ ಈ ಮನೇಲಿ?"

"ಮೂವತ್ತೊಂದು."

"ಅದಕ್ಕೇ ಕೇಳ್ತಿದೀನಿ. ಸೆಕೆ ಇದೆಯೋ ಇಲ್ಲವೋ?"

ಸೀಬ್ರನ್‌ನ ಮೂಗಿನಿಂದ ಒಂದು ಹನಿ ನಮೂನೆ ಹದಿನಾಲ್ಕರ ಮೇಲೆ ಬಿತ್ತು. "ಹಿತವಾಗಿದೆ," ಎಂದ ಅವನು, ಕುಗ್ಗಿದ ದನಿಯಲ್ಲಿ.

"ಹಾಗಾದ್ರೆ ನೆರೆಯವರ ಸಾಕ್ಷಿ ಬೇಕು. ಕಾವಲು ಗುಂಪಿನ ಮುಖ್ಯಸ್ಥರು ಇದೀರಲ್ಲ? ನೀವು ಹೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಸೀಬ್ರನ್ ಮಾತ್ರ ತಿರುಗಲಿಲ್ಲ. ಅವನು ಏಣಿಯನ್ನು ನೋಡುತ್ತಿದ್ದ. ಉಣ್ಣೆಯ ಕೋಟಿನೊಳಗೆ ನನ್ನ ಬೆನ್ನಿನ ಮೇಲೆ ಕಾಲುವೆ ಹರಿಯುತ್ತಿತ್ತು. ನಾನು ಶಾಲನ್ನು ಇನ್ನೊಂದು ಸುತ್ತು ಸುತ್ತಿಕೊಂಡೆ.

"ಸೆಕೆ ಎಲ್ಲಿದೆ ಸಾರ್?" ಎಂದೆ. "ನನಗೇನೂ ಗೊತ್ತಾಗ್ತಿಲ್ಲ."

"ನನ್ನ ಮಂಡಿ ಚಳಿಗೆ ಹಿಡ್ಕೊಂಡಿದೆ," ಎಂದರು ಆಲಿದಾ ತಕ್ಷಣ. "ಕಂಬಳಿ ತರಬೇಕಾಗಿತ್ತು."

ತಾಲ್ಸ್ಮಾ ಕನ್ನಡಕ ಒರೆಸಿ ಹಾಕಿಕೊಂಡರು. ಮತ್ತೆ ಬಿಳಿಯಾಯಿತು. ಒರೆಸಿದರು. ಬಿಳಿಯಾಯಿತು. "ಗೋಡೆ ಮೇಲೆ ಥರ್ಮಾಮೀಟರ್ ಇದೆಯಲ್ಲ, ಎಷ್ಟು ತೋರಿಸ್ತಿದೆ ಓದಿ!"

ಮೂವತ್ತನಾಲ್ಕು ತೋರಿಸುತ್ತಿತ್ತು. "ಹತ್ತೊಂಬತ್ತೂವರೆ," ಎಂದೆ.

"ನೀವು ಹೇಳಿ," ಎಂದರು ಅವರು ಫೆಮ್ಕೆಯತ್ತ.

ಫೆಮ್ಕೆ ಥರ್ಮಾಮೀಟರ್ ನೋಡಿದಳು, ನನ್ನನ್ನು ನೋಡಿದಳು, ನನ್ನ ಹೆಗಲ ಮೇಲಿನ ಏಣಿ ನೋಡಿದಳು. "ಇವರು ಬೀದಿಯ ಕಾವಲಿನವರು. ಇವರ ಮಾತಿನ ಮೇಲೆ ನಾನೇನು ಹೇಳೋದು," ಎಂದಳು.

"ಹಾಗಾದ್ರೆ ನನಗೊಬ್ಬನಿಗೇನಾ ಸೆಕೆ?" ತಾಲ್ಸ್ಮಾ ಅನುಮಾನದಿಂದ ತಮ್ಮ ಕತ್ತು ಮುಟ್ಟಿ ನೋಡಿಕೊಂಡರು. ಆಲಿದಾ ಮುಂದೆ ಬಂದು ಅವರ ಹಣೆಯ ಮೇಲೆ ಕೈಯಿಟ್ಟರು.

"ಅಯ್ಯೋ ನನ್ನಪ್ಪ! ಕೆಂಡ ಕಣೋ! ಇಂಥ ಜ್ವರ ಇಟ್ಕೊಂಡು ಯಾರಾದ್ರೂ ಶನಿವಾರ ಕೆಲಸಕ್ಕೆ ಬರ್ತಾರಾ? ಹೋಗು, ಬಟಾಣಿ ಗಂಜಿ ಕುಡಿದು ಮಲಕ್ಕೋ."

ಶನಿವಾರದ ಮಾತು ತಾಲ್ಸ್ಮಾ ಅವರ ಮನಸ್ಸಿಗೆ ನಾಟಿತು. ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿ, ನನ್ನಿಂದ ಸಹಿ ಹಾಕಿಸಿಕೊಂಡು, ಗೋಡೆ ತಡವುತ್ತ ಮೆಟ್ಟಿಲಿಳಿದರು. ಫೆಮ್ಕೆ ಅವರ ಕೈ ಹಿಡಿದುಕೊಂಡಳು.

ಉಳಿದವರು ಕೂತೆವು. ಯಾರೂ ಕೋಟು ಬಿಚ್ಚಲಿಲ್ಲ. ಸಹಿಯ ಮರ್ಯಾದೆ ಇತ್ತಲ್ಲ. ಚರ್ಚಿನ ಗಂಟೆ ಹನ್ನೆರಡು ಬಾರಿಸಿತು. ಬಾರಿಸಿ ನಿಲ್ಲುವುದರೊಳಗೆ ಹಿಂಕೆಯ ಫೋನು ಬಡಿದುಕೊಂಡಿತು.

"ಬಿದ್ದನಾ?" ಎಂಬ ಔಕ್ಯಳ ದನಿ ನಮಗೆಲ್ಲ ಕೇಳಿಸಿತು.

"ಇಲ್ಲ ಅಕ್ಕ. ಒಬ್ಬ ಅಧಿಕಾರಿ ಬಿದ್ರು. ಇವನು ಕೂತೇ ಇದಾನೆ," ಎಂದಳು ಹಿಂಕೆ. "ನಿನ್ನ ಟೋಪಿ ಅಂಗಡಿಗೆ ವಾಪಸ್ ಕೊಡು." ಆಮೇಲೆ ಪ್ರವಾಸದ ಕಚೇರಿಗೆ ಫೋನು ಮಾಡಿ ಎರಡು ಹೆಸರು ಹೇಳಿದಳು, ಎರಡನೆಯದನ್ನು ಎರಡು ಸಲ.

ಸೀಬ್ರನ್ ಮೂಟೆ ಇಳಿಸಿ ನನ್ನ ಮುಂದೆ ಬಂದು ನಿಂತ. "ಏಣಿ ಸಿಕ್ತಾ?"

"ಸಿಕ್ತು."

"ಯಾರ ಹತ್ರ ಇತ್ತು?"

"ತನಿಖೆ ನಡೀತಿದೆ," ಎಂದೆ.

ಅವನು ಏಣಿಯನ್ನು ತನ್ನ ಕಡೆಗೆ ಎಳೆದುಕೊಂಡ. ಹಿಂಕೆ ಅವನ ತೋಳು ಮುಟ್ಟಿದಳು.

"ಈಗ ಅನ್ನಬಹುದು ಸೀಬ್ರನ್."

"ಏನಂತ?"

"ಉಫ್ ಅಂತ. ಹತ್ತು ದಿನದ್ದು."

ಸೀಬ್ರನ್ ಬಾಯಿ ತೆರೆದ. ನನ್ನ ಕೋಟಿನ ಜೇಬಿನಲ್ಲಿದ್ದ ಮೊಬೈಲಿನ ಉಬ್ಬು ಅವನ ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿದ.

"ಬೇಡ. ಇವನು ಗುಂಪಲ್ಲಿ ಹಾಕ್ತಾನೆ."

ಹಾಗೆಂದು ಬೆಳ್ಳಿ ಹಾಳೆ ಹರಿದು ಬೆಳಕಿಂಡಿ ತೆರೆದ. ನಮ್ಮಿಬ್ಬರ ಮನೆಗೂ ಒಂದೇ ಆದ ಚಿಮಣಿಯ ಹೆಗಲ ಮೇಲೆ ಇನ್ನೂ ಒಂದಿಷ್ಟು ಹಿಮ ಉಳಿದಿತ್ತು. ಟೋಪಿ ತೆಗೆದು, ಕೈ ಚಾಚಿ ಎರಡು ಬೊಗಸೆ ಹಿಮ ಬಾಚಿ ತನ್ನ ಬೋಳುತಲೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಟೋಪಿ ಒತ್ತಿ, ಯಾರನ್ನೂ ನೋಡದೆ ಮೆಟ್ಟಿಲಿಳಿದು ಹೋದ.